ಪಿಳ್ಳಮ್ಮನ ಎರಡನೇ ಕೂಗು

"ಬಾಯಿ ತೆಗಿಯೇ. ಇನ್ನೂ ಅಗಲ. ಸೊಪ್ಪು ಮಾರೋವಾಗ ಊರಗಲ ತೆಗೀತೀಯಲ್ಲ, ಈಗೇನು ಬಂತು?"

ಪಿಳ್ಳಮ್ಮ ತೆಗೆದಳು. ಡಾಕ್ಟರು ಕಡ್ಡಿಯಿಂದ ನಾಲಿಗೆ ಅದುಮಿ, ಟಾರ್ಚು ಬಿಟ್ಟು, ಕಡ್ಡಿಯನ್ನು ಬಕೆಟ್ಟಿಗೆ ಎಸೆದ. ಕತ್ತಿನ ಎಡಗಡೆ ನೆಲ್ಲಿಕಾಯಿಯಷ್ಟು ಎದ್ದಿದ್ದ ಗಂಟನ್ನು ಮುಟ್ಟಿಯೂ ನೋಡಲಿಲ್ಲ.

"ಕಡ್ಡಿಪುಡಿ ಎಷ್ಟು ವರ್ಷದಿಂದ ಹಾಕ್ತಿದ್ದೀಯ?"

"ಇಲ್ಲ ಸಾ. ಎಲೆ ಅಡಿಕೇನೂ ಹಾಕಕಿಲ್ಲ. ಕೂಗೋ ಗಂಟ್ಲು, ಕೆಡಿಸ್ಕೊಂಡ್ರೆ ಹೊಟ್ಟೆಪಾಡು ಏನಾಯ್ತದೆ?"

"ಸುಳ್ಳು ಬೊಗಳ್ಬೇಡ. ನಿಮ್ಮೋರು ಕೇಳಿದ್ರೆ ಇಲ್ಲ ಅಂತೀರ, ಸೆರಗು ಒದರಿದ್ರೆ ಪ್ಯಾಕೆಟ್ ಬೀಳುತ್ತೆ. ಹೊಗೆಸೊಪ್ಪು ಬಿಡು, ಗಂಟು ತಾನೇ ಇಳಿಯುತ್ತೆ. ಈ ಮಾತ್ರೆ ತಗೊಂಡು ಮೂರು ತಿಂಗಳು ಬಿಟ್ಟು ಬಾ. ನೆಕ್ಸ್ಟ್!"

ಹೊರಗೆ ಮಗಳು ರಮ್ಯ ಕಾದಿದ್ದಳು. ವಿಷಯ ಕೇಳಿ ಹಲ್ಲು ಕಡಿದಳು. "ಅವ್ನ ಮುಂದೇನೇ ಸೆರಗು ಒದರ್ಬೇಕಿತ್ತು ಕಣಮ್ಮ."

"ಒದರಿದ್ರೆ ನಾಕು ಕೊತ್ತಂಬ್ರಿ ಎಲೆ ಬೀಳೋವು. ಅದ್ನೂ ಪುಕ್ಸಟ್ಟೆ ತಗೊಳ್ಳೋನು, ಬೇವರ್ಸಿ," ಎಂದು ಪಿಳ್ಳಮ್ಮ ನಕ್ಕಳು. ನಗುವಾಗ ಕಿವಿಯವರೆಗೂ ಚಳಕ್ ಎಂದಿತು.

ಜರಗನಹಳ್ಳಿಯ ವಠಾರದಿಂದ ನಸುಕಿಗೇ ಹೊರಟು, ಮಾರುಕಟ್ಟೆಯಲ್ಲಿ ಸೊಪ್ಪು ಹಿಡಿದು, ಜಯನಗರದ ಬೀದಿಗೆ ತಳ್ಳುಗಾಡಿ ತಿರುಗಿಸಿದರೆ ಅಲ್ಲಿನ ಮನೆಗಳಿಗೆ ಗಡಿಯಾರವೇ ಬೇಡ. "ಸೊಪ್ಪೋ... ದಂಟು, ಮೆಂತ್ಯಾ, ಸಬ್ಬಸ್ಗೇ..." ಎಂಬ ಅವಳ ಕೂಗು ಮೂಲೆಮನೆ ದಾಟುವಷ್ಟರಲ್ಲಿ ಅಲ್ಲಿ ಕುಕ್ಕರು ಕೂಗಬೇಕು, ಇಲ್ಲಿ ಇಸ್ಕೂಲು ವ್ಯಾನು ಬರಬೇಕು. ಬದರಿನಾಥರ ಮನೆಯ ಮುಂದೆ ಮಾತ್ರ ಗೇಟು ತೆರೆಯುವ ಪದ್ಧತಿಯಿಲ್ಲ. ಮಹಡಿಯಿಂದ ಹಗ್ಗ ಕಟ್ಟಿದ ಬೆತ್ತದ ಬುಟ್ಟಿ ಇಳಿಯುತ್ತದೆ. ಸೊಪ್ಪು ಹಾಕಿದರೆ ಏರುತ್ತದೆ. ಏರಿದ ಸೊಪ್ಪಿನ ಮೇಲೆ ಒಂದು ಚೊಂಬು ನೀರು ಬೀಳುತ್ತದೆ. ಇಷ್ಟು ವರ್ಷದ ವ್ಯಾಪಾರದಲ್ಲಿ ಪಿಳ್ಳಮ್ಮನಿಗೆ ಬದರಿನಾಥರ ಹೆಂಡತಿ ಚೂಡಾಮಣಿಯಮ್ಮನ ಗಲ್ಲದ ಅಡಿಭಾಗ ಮಾತ್ರ ಚೆನ್ನಾಗಿ ಪರಿಚಯ.

ಅಂದು ಬುಟ್ಟಿಯ ಜೊತೆ ಮಾತೂ ಇಳಿಯಿತು. "ಎಳೇ ಪಾಲಕ್ ಇದ್ರೆ ಹಾಕೇ. ನಮ್ಮೋರಿಗೆ ನುಂಗಕ್ಕಾಗ್ತಿಲ್ಲ."

ಮಹಡಿಯಲ್ಲಿ ಅವಳ ಪಕ್ಕದಲ್ಲೇ ಬದರಿನಾಥರು ಕುರ್ಚಿಯಲ್ಲಿ ಕೂತು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು. "ಹೌದು ಮಾಧವ, ಗಂಟಲ ಕ್ಯಾನ್ಸರ್ರೇ. ಆದ್ರೆ ವೈರಸ್ಸಿಂದ ಬಂದಿದ್ದಂತೆ. ಲಕ್ಕಿ ಅಂದ್ರು ಡಾಕ್ಟ್ರು! ಅಮೆರಿಕದಲ್ಲಿ ಇದು ಬಂದೋರು ಹೆಚ್ಚಿನೋರು ಬದುಕ್ತಾರಂತೆ. ಕತ್ತಲ್ಲಿ ಸಣ್ಣ ಗಂಟು ಕಂಡ ವಾರದಲ್ಲೇ ಸೂಜಿ ಚುಚ್ಚಿ ನೋಡಿದ್ರಲ್ಲ, ರೇಡಿಯೇಷನ್ ಕೊಟ್ರೆ ಸಾಕಂತೆ. ಕತ್ತಿ ಹಾಕಲ್ಲ."

ಪಿಳ್ಳಮ್ಮನ ಕೈಯಲ್ಲಿ ಪಾಲಕ್ ಹಾಗೇ ನಿಂತಿತು. ಸೆರಗು ಸರಿಸಿ ಕತ್ತು ತೋರಿಸಿದಳು. "ಅಮ್ಮೋ, ನಂಗೂ ಇಲ್ಲೇ ಐತೆ. ಸಾವ್ಕಾರ್ರು ಯಾವ ಡಾಕ್ಟ್ರು ತಾವ ಚುಚ್ಚಿಸಿದ್ರು?"

ಬುಟ್ಟಿ ಸರಕ್ಕನೆ ಮೇಲೇರಿತು. ಅರ್ಧ ಪಾಲಕ್ ರಸ್ತೆಗೆ ಚೆಲ್ಲಿತು.

"ಅಯ್ಯೋ, ನಿಂದು ಬೇರೆ ಕಣೇ! ನೀವು ಹೊಗೆಸೊಪ್ಪು ಹಾಕೋ ಜನ. ಇವರದು ಹಂಗಲ್ಲ."

ಬಿದ್ದ ಸೊಪ್ಪನ್ನು ಬಳಿದುಕೊಳ್ಳುತ್ತಾ ಪಿಳ್ಳಮ್ಮ ಯೋಚಿಸಿದಳು. ಅಮೆರಿಕ ಎಲ್ಲಿದೆಯೋ ಅವಳಿಗೆ ತಿಳಿಯದು. ಆದರೆ ಜಯನಗರದವರೆಗೆ ಬಂದ ಕಾಯಿಲೆಗೆ ಜರಗನಹಳ್ಳಿ ಒಂದೇ ಬಸ್ಸು.

ಮೂರು ತಿಂಗಳು ಕಾಯದೆ ಅವಳು ಮತ್ತೆ ಅದೇ ಆಸ್ಪತ್ರೆಯ ಅದೇ ಸ್ಟೂಲಿನ ಮೇಲೆ ಕೂತಳು. "ಸಾ, ನಂದೂ ವೈರಸ್ಸಿಂದು ಇರಬೌದಾ? ಒಸಿ ಚುಚ್ಚಿ ನೋಡಿ."

ಡಾಕ್ಟರು ಪಕ್ಕದಲ್ಲಿದ್ದ ಕಲಿಯುವ ಹುಡುಗರ ಕಡೆ ತಿರುಗಿದ. "ಕೇಳ್ರಪ್ಪಾ, ಗೂಗಲ್ ಅಜ್ಜಿ ಬಂದವ್ಳೆ! ಅದು ಫಾರಿನ್ನೋರ ಕಾಯಿಲೆ ಕಣಮ್ಮ. ಹೆಂಗೆ ಬರುತ್ತೆ ಗೊತ್ತಾ ಅದು? ಗಂಡ ಬಿಟ್ಟು ಎಷ್ಟು ಜನ ಗಂಡಸ್ರ ಜೊತೆ ಮಲಗಿದ್ದೀಯ ಹೇಳು, ಬರ್ಕೋತೀನಿ."

ಹುಡುಗರು ಕಿಸಕ್ಕೆಂದರು. ಪಿಳ್ಳಮ್ಮ ದಡಕ್ಕನೆ ಎದ್ದಳು. ಸ್ಟೂಲು ಹಿಂದಕ್ಕೆ ಉರುಳಿತು.

"ನನ್ ಗಂಡ ಮ್ಯಾನ್‌ಹೋಲಲ್ಲಿ ಸತ್ತ. ಅವನೊಬ್ನೇ ನಂಗೆ ಗೊತ್ತಿರೋ ಗಂಡ್ಸು. ನೀನು ಮೊದ್ಲು ನಿನ್ನವ್ವನ್ನ ಕೇಳ್ಕೊಂಡ್ ಬಾರೋ, ಬೋಳಿಮಗನೆ!"

ವಾಚ್‌ಮನ್ ರಟ್ಟೆ ಹಿಡಿದು ಹೊರಗೆ ಬಿಟ್ಟ. ಆಮೇಲೆ ಆ ಬಾಗಿಲಲ್ಲಿ ಅವಳ ಮುಖ ಕಂಡರೆ ಸಾಕು, ಚೀಟಿ ಮುಗಿಯಿತು ಎನ್ನುತ್ತಿದ್ದರು. ಬೇರೆ ಆಸ್ಪತ್ರೆಯಲ್ಲಿ ರೇಷನ್ ಕಾರ್ಡು ಹುಟ್ಟೂರಿನದು, ಇಲ್ಲಿ ನಡೆಯದು ಎಂದರು. ಇನ್ನೊಂದರಲ್ಲಿ ಮಷೀನು ಕೆಟ್ಟಿದೆ ಎಂದರು. ನೆಲ್ಲಿಕಾಯಿ ನಿಂಬೆಹಣ್ಣಾಯಿತು. ಗಣೇಶನನ್ನು ನೀರಿಗೆ ಬಿಡುವ ಹೊತ್ತಿಗೆ ಕೂಗು ಮೂಲೆಮನೆ ದಾಟುತ್ತಿರಲಿಲ್ಲ. ಗಂಜಿ ಮೂಗಿನಲ್ಲಿ ಬರುತ್ತಿತ್ತು.

ಕೊನೆಗೆ ಚುಚ್ಚಿ ನೋಡಿದವಳು ಮೈತ್ರೇಯಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಅವಳು ಪಿಳ್ಳಮ್ಮನ ಮುಖ ನೋಡಿ ಮಾತಾಡಿದಳು. "ವೈರಸ್ಸೇ ಅಮ್ಮಾ. ಆದ್ರೆ ನಾಲಿಗೆ ಬುಡದಿಂದ ಧ್ವನಿಪೆಟ್ಟಿಗೆಗೆ ಇಳಿದಿದೆ. ಪೆಟ್ಟಿಗೇನೇ ತೆಗೀಬೇಕು. ಮಾತು ಬರಲ್ಲ. ಆಮೇಲೂ ಏನಂತ ಹೇಳಕ್ಕಾಗಲ್ಲ... ಸ್ವಲ್ಪ ಬೇಗ ಬಂದಿದ್ರೆ..."

"ಬಂದಿದ್ನಲ್ಲವ್ವಾ," ಎಂದಳು ಪಿಳ್ಳಮ್ಮ. ಆ ಒಡಕು ದನಿ ಪಕ್ಕದ ಬೆಂಚಿನವರಿಗೂ ಕೇಳಿಸಿತು. "ಯುಗಾದಿಗೂ ಮುಂಚೇನೇ ಬಂದಿದ್ನಲ್ಲ."

ಮೈತ್ರೇಯಿ ಪೆನ್ನಿನ ಕ್ಯಾಪು ತೆಗೆದಳು, ಹಾಕಿದಳು.

ಆಪರೇಷನ್ನಿನ ಹಿಂದಿನ ಸಂಜೆ ರಮ್ಯ ಒಂದು ಸ್ಪೀಕರು ತಂದಳು. ತಳ್ಳುಗಾಡಿಯವರೆಲ್ಲ ಈಗ ಕಟ್ಟಿಕೊಳ್ಳುತ್ತಾರಲ್ಲ, ಕೂಗನ್ನು ತುಂಬಿಸಿಟ್ಟರೆ ಬೀದಿಯುದ್ದಕ್ಕೂ ತಾನೇ ಕೂಗುತ್ತದೆ, ಅದು. ಪಿಳ್ಳಮ್ಮ ಬಿಸಿನೀರು ಗುಟುಕರಿಸಿ, ಕೆಮ್ಮಿ, ದಂಟು ಮೆಂತ್ಯ ಸಬ್ಬಸಿಗೆಯನ್ನೆಲ್ಲ ಕೂಗಿ ಮುಗಿಸಿದಳು. ಆಮೇಲೆ ಮಗಳ ಕೈಹಿಡಿದಳು.

"ಇನ್ನೊಂದು ತುಂಬ್ಸು."

ಸಂಕ್ರಾಂತಿ ಕಳೆದು ತಳ್ಳುಗಾಡಿ ಮತ್ತೆ ಜಯನಗರಕ್ಕೆ ಬಂತು. ಬಾಯಿ ಮುಚ್ಚಿಕೊಂಡ ಪಿಳ್ಳಮ್ಮ ತಳ್ಳುತ್ತಿದ್ದಳು; ಪಿಳ್ಳಮ್ಮನ ಕೂಗು ಗಾಡಿಯಿಂದ ಬರುತ್ತಿತ್ತು. ಬದರಿನಾಥರ ಮನೆಯ ಬುಟ್ಟಿ ಇಳಿಯತೊಡಗಿತು. ಗೇಟಿನ ಬಳಿ ವಾಕಿಂಗಿಗೆ ಹೊರಟಿದ್ದ ಬದರಿನಾಥರು ಕಿವಿ ಮುಚ್ಚಿಕೊಂಡರು. ಅವರ ಕೆನ್ನೆ ತುಂಬಿಕೊಂಡಿತ್ತು, ಗಂಟಲು ಖಣಿಖಣಿ ಎನ್ನುತ್ತಿತ್ತು.

"ಏನಮ್ಮಾ ಇದು ಕರ್ಮ! ಕಾಯಿಲೆಯಿಂದ ಎದ್ದಿರೋ ಮನುಷ್ಯ ನಾನು. ಆಫ್ ಮಾಡು. ನಿಂಗೇನು ಬಾಯಿಲ್ವಾ?"

ಪಿಳ್ಳಮ್ಮ ಕತ್ತಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ತೂತು. ಅದರಿಂದ ಉಸಿರು ಸುಂಯ್ ಎಂದು ಬಂತು.

ಬದರಿನಾಥರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. "ಛೆ ಛೆ... ಅದಕ್ಕೇ ಹೇಳೋದು, ಹೊಗೆಸೊಪ್ಪು ಬಿಡ್ರೀ ಅಂತ..."

ಅವಳು ಗುಂಡಿ ಒತ್ತಿದಳು. ದಂಟು ಮೆಂತ್ಯ ನಿಂತಿತು. ಒಂದು ಕೆಮ್ಮು ಕೇಳಿಸಿತು.

"ಜಯನಗರದೋರೇ, ನಾನು ಜರಗನಹಳ್ಳಿ ಪಿಳ್ಳಮ್ಮ. ಹೊಗೆಸೊಪ್ಪು ನಾಲಿಗೆ ಮ್ಯಾಲೆ ಇಟ್ಟೋಳಲ್ಲ. ಬುಟ್ಟಿಮನೆ ಸಾವ್ಕಾರ್ರಿಗೆ ಬಂದಿದ್ದೇ ನಂಗೂ ಬಂತು. ಅದೇ ವೈರಸ್ಸು, ಅದೇ ಗಂಟು. ಎಷ್ಟು ಹೆಂಗಸ್ರು ತಾವ ಹೋಗಿದ್ದೆ ಅಂತ ಆವಯ್ಯನ್ನ ಯಾರೂ ಕೇಳ್ಲಿಲ್ಲ. ನನ್ನ ಕೇಳುದ್ರು. ಆವಯ್ಯಂಗೆ ವಾರದಲ್ಲಿ ಚುಚ್ಚುದ್ರು. ನನ್ನ ಆಚೆಗೆ ತಳ್ಳುದ್ರು. ಸೊಪ್ಪು ತಗೊಳ್ಳೋರು ಕೆಳಗಿಳ್ದು ಬಂದು ತಗೊಳ್ಳಿ..."

"ಆಫ್ ಮಾಡೇ! ಮಾನ ಕಳೀಬೇಡ! ಆಫ್ ಮಾಡೇ ಮುಂಡೆ!" ಬದರಿನಾಥರ ಹೊಸ ಗಂಟಲು ಬೀದಿಗೆಲ್ಲ ಕೇಳುವಂತೆ ಕಿರುಚಿತು. ಎದುರುಮನೆಯ ಕಿಟಕಿ ತೆರೆಯಿತು. ಮೂಲೆಮನೆಯದೂ ತೆರೆಯಿತು.

ಪಿಳ್ಳಮ್ಮ ಗಾಡಿಯನ್ನು ಗೇಟಿಗೆ ಅಡ್ಡ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟಳು. ದನಿಯ ತಿರುಪನ್ನು ಕೊನೆಯವರೆಗೂ ತಿರುಗಿಸಿ, ಸ್ಪೀಕರನ್ನು ಎದೆಗವಚಿಕೊಂಡು ಕೂತಳು. ಮುಗಿದ ಮಾತು ಮೊದಲಿನಿಂದ ಶುರುವಾಯಿತು. ಜಯನಗರದೋರೇ, ನಾನು ಜರಗನಹಳ್ಳಿ ಪಿಳ್ಳಮ್ಮ.

ಮೇಲೆ ಹಗ್ಗ ಹಿಡಿದ ಕೈ ಎಳೆಯಲೂ ಇಲ್ಲ, ಬಿಡಲೂ ಇಲ್ಲ. ಖಾಲಿ ಬುಟ್ಟಿ ನಡುವೆಯೇ ತೂಗುತ್ತಿತ್ತು.