ಬಾಂಬು ಬೀಳದ ಊರಿನ ಯುದ್ಧ ಕಾದಂಬರಿ

ನಮ್ಮತ್ತೆ, ಅಂದರೆ ಅಪ್ಪನ ಅಕ್ಕ, ಎಪ್ಪತ್ತೊಂದನೇ ವಯಸ್ಸಿನಲ್ಲಿ ಒಂದು ಯುದ್ಧ ಕಾದಂಬರಿ ಬರೆದಳು. ಅವಳ ಅಕ್ಷರ ಇರುವೆ ಸಾಲಿನ ಹಾಗೆ. ಅದನ್ನು ಓದಬಲ್ಲವಳು ಮನೆಯಲ್ಲಿ ನಾನೊಬ್ಬಳೇ ಆದ್ದರಿಂದ ಟೈಪು ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು.

ಆ ಯುದ್ಧದಲ್ಲಿ ನಮ್ಮ ದೇಶ ಹೋರಾಡಲೇ ಇಲ್ಲ. ಬಡಿದಾಡಿಕೊಂಡವರು ಆಚೀಚೆಯ ಎರಡು ದೊಡ್ಡ ದೇಶದವರು. ಯಾರ ಕಡೆಗೂ ಸೇರದ ನಾವು ನಡುವೆ ಕೂತು ಇಬ್ಬರ ಬಟ್ಟೆಯನ್ನೂ ಒಗೆದುಕೊಟ್ಟೆವು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಒಗೆದೆವು. ರೈಲ್ವೆ ಸ್ಟೇಷನ್ನಿನ ಹಿಂದಿನ ಗೋದಾಮಿಗೆ ಎರಡೂ ಸೈನ್ಯದ ಅಂಗಿಗಳು ಮೂಟೆಗಟ್ಟಲೆ ಬರುತ್ತಿದ್ದವು. ಕೆಳಗೆ ಒಗೆತ, ಮೇಲೆ ಹೊಲಿಗೆ. ಹದಿನೆಂಟಕ್ಕೆ ಅಲ್ಲಿ ಸೇರಿದ ಅತ್ತೆ ಐದು ವರ್ಷ ತೇಪೆ ಹಾಕಿದಳು. ರಕ್ತದ ಕಲೆಗೆ ತಣ್ಣೀರೇ ಆಗಬೇಕು, ಬಿಸಿನೀರು ತಾಗಿದರೆ ಕಲೆ ಕಚ್ಚಿಕೊಳ್ಳುತ್ತದೆ ಅನ್ನುವುದು ಅವಳ ಕಾದಂಬರಿಯ ಮೊದಲ ಸಾಲು. ಆರನೇ ಅಧ್ಯಾಯದಲ್ಲಿ ಒಂದೇ ಅಂಗಿ ಮೂರು ಸಲ ವಾಪಸು ಬರುತ್ತದೆ. ತೇಪೆ ಅವಳದೇ, ಆದರೆ ಕಾಲರಿನ ಒಳಗೆ ಬರೆದ ಹೆಸರು ಪ್ರತಿ ಸಲವೂ ಬೇರೆ. ಅದನ್ನು ಟೈಪು ಮಾಡುವಾಗ ನಾನು ಎದ್ದುಹೋಗಿ ನೀರು ಕುಡಿದು ಬಂದೆ.

ನಾವು ಹಸ್ತಪ್ರತಿ ಒಯ್ದ ಪ್ರಕಾಶನದ ಸಂಪಾದಕರು ನಲವತ್ತರ ಆಸುಪಾಸಿನವರು. ಕನ್ನಡಕವನ್ನು ತಲೆ ಮೇಲೆ ಏರಿಸಿಕೊಂಡು ಮೇಜಿನ ತುಂಬ ಅದನ್ನೇ ಹುಡುಕುತ್ತಿದ್ದರು.

"ಭಾಷೆ ಚೆನ್ನಾಗಿದೆ ಮೇಡಂ. ಆದ್ರೆ ಯುದ್ಧ ಎಲ್ಲಿದೆ?"

"ಅಂಗಿಯಲ್ಲಿದೆಯಲ್ಲಪ್ಪ," ಅಂದಳು ಅತ್ತೆ.

"ಅದಲ್ಲ, ಒಂದಾದ್ರೂ ಬಾಂಬು ಬೇಡ್ವಾ? ಹೋಗ್ಲಿ, ಒಂದು ಸೈರನ್ನು?"

"ಸೈರನ್ ಇತ್ತು. ಊಟದ ಹೊತ್ತಿಗೆ ಕೂಗ್ತಿತ್ತು."

"ನಾಯಕಿಗೆ ಒಬ್ಬ ಸೈನಿಕನ ಜೊತೆ ಪ್ರೇಮ?"

"ಅಂಗಿಗಳು ಬರ್ತಿದ್ವು. ಸೈನಿಕರು ಬರ್ತಿರಲಿಲ್ಲ."

ಹೀಗೆ ಮೂರು ಸಲ ಹೋಗಿ ಬಂದೆವು. ಮೂರನೇ ಸಲ ಅವರು ತುಂಬ ಮೆತ್ತಗೆ, ಮಗುವಿಗೆ ತಿಳಿಹೇಳುವ ಹಾಗೆ ಅಂದರು, "ಹೋರಾಡಿದವರ ಕಥೆ ಬೇಕಾದಷ್ಟಿದೆ ಮೇಡಂ. ಪಕ್ಕದಲ್ಲಿ ಕೂತು ಹೊಲಿದವರ ಯುದ್ಧ ಯಾರಿಗೆ ಬೇಕು ಹೇಳಿ?"

ಬಸ್ಸಿನಲ್ಲಿ ಅತ್ತೆ ಕುದಿಯುತ್ತ ಕೂತಳು. "ಬಾಂಬು ಬೇಕಂತೆ ಬಾಂಬು! ಕೊಡ್ತೀನಿ, ತಡಿ."

ಎರಡೇ ದಿನದಲ್ಲಿ ಹೊಸ ಅಧ್ಯಾಯ ಬರೆದಳು. ರಾಜಧಾನಿಯಿಂದ ಒಬ್ಬ ಗುಮಾಸ್ತ ಗೋದಾಮಿಗೆ ಬರುತ್ತಾನೆ. ತಲೆ ಮೇಲೆ ಕನ್ನಡಕ ಇಟ್ಟುಕೊಂಡೇ ಅದನ್ನು ಹುಡುಕುತ್ತಾನೆ. ಕಂಡಕಂಡವರನ್ನೆಲ್ಲ "ಯುದ್ಧ ಎಲ್ಲಿದೆ, ಯುದ್ಧ ಎಲ್ಲಿದೆ" ಅಂತ ಪೀಡಿಸುತ್ತಾನೆ. ಎಂಟನೇ ಪುಟದಲ್ಲಿ ಬಾಂಬು ನೆಟ್ಟಗೆ ಅವನ ಮೇಲೇ ಬೀಳುತ್ತದೆ. ನಾನು ನಕ್ಕು ನಕ್ಕು ಸುಸ್ತಾದೆ.

"ಓದಿ ಆ ಮನುಷ್ಯನಿಗೆ ನಾಚಿಕೆಯಾಗ್ಲಿ. ಪುಸ್ತಕ ಬೇಡ ಅನ್ಲಿ, ಪೀಡೆ ತೊಲಗ್ಲಿ," ಅಂತ ಅತ್ತೆ ಅಂಚೆಗೆ ಹಾಕಿಸಿದಳು.

ನಾಲ್ಕನೇ ದಿನ ಫೋನು ಬಂತು. "ಅದ್ಭುತ ಮೇಡಂ! ಆ ಗುಮಾಸ್ತ ಎಂಥ ಜೀವಂತ ಪಾತ್ರ! ಅಂಥವರನ್ನ ನಾನು ಕಣ್ಣಾರೆ ನೋಡಿದ್ದೀನಿ. ತಕ್ಷಣ ಅಚ್ಚಿಗೆ ಕಳಿಸ್ತೀವಿ."

ಪುಸ್ತಕ ನೋಡುವ ಆಸೆ ಅತ್ತೆಗೂ ಇತ್ತು. "ಆಗಲಪ್ಪ," ಅಂದು ಫೋನಿಟ್ಟಳು.

ಮುಖಪುಟದ ತುಂಬ ಬೆಂಕಿ ಹಚ್ಚಿಕೊಂಡು ಪುಸ್ತಕ ಬಂತು. ವಾರಪತ್ರಿಕೆಯೊಂದು ಹುಡುಕಿ ಹುಡುಕಿ ಬಾಂಬಿನ ಅಧ್ಯಾಯವನ್ನೇ ಅಚ್ಚು ಮಾಡಿತು. ಅದಾದ ಮೇಲೆ ಒಂದು ಬೆಳಿಗ್ಗೆ ಗುಂಡಿಯಕ್ಕ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು. ಗೋದಾಮಿನಲ್ಲಿ ಅತ್ತೆಯ ಪಕ್ಕದ ಸ್ಟೂಲಿನಲ್ಲಿ ಕೂತು ಐದು ವರ್ಷ ಅಂಗಿಗಳಿಗೆ ಗುಂಡಿ ಹೊಲಿದವಳು ಅವಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಕೂರು ಅಂದರೆ ಕೂರಲಿಲ್ಲ.

"ಯಾವತ್ತು ಬಿತ್ತೇ ಬಾಂಬು? ನಾನು ಒಂದು ದಿನ ರಜೆ ಹಾಕಿದವಳಲ್ಲ! ಮೊಮ್ಮಕ್ಕಳು ಕೇಳ್ತಾವೆ, ಅಜ್ಜಿ, ಇಷ್ಟು ದೊಡ್ಡ ವಿಷ್ಯ ಯಾಕೆ ಮುಚ್ಚಿಟ್ಟೆ ಅಂತ."

"ಕಾದಂಬರಿ ಕಣೇ ಅದು. ಸ್ವಲ್ಪ ಕಲ್ಪನೆ ಇರತ್ತೆ."

"ಬೀಳಲಿಲ್ಲ ಅಂದೆ ನಾನು. ಹಾಗಾದ್ರೆ ಆ ಮೂರು ಸಲ ಬಂದ ಅಂಗಿನೂ ಕಲ್ಪನೆಯೇ ಬಿಡಜ್ಜಿ, ಅಂತು ದೊಡ್ಡ ಮೊಮ್ಮಗು. ಅದರ ಗುಂಡಿ ಹೊಲಿದವಳು ನಾನು! ಏನು ಹೇಳ್ಲಿ ಈಗ?"

ಅತ್ತೆ ಸೀರೆಯ ಅಂಚು ಹಿಸುಕಿದಳು. ಆಮೇಲೆ ನನ್ನ ಕಡೆ ತಿರುಗಿ, "ಚಪ್ಪಲಿ ಹಾಕ್ಕೋ," ಅಂದಳು.

ಮೂವರೂ ಪ್ರಕಾಶನದ ಮೆಟ್ಟಿಲು ಹತ್ತಿದೆವು.

"ಆ ಅಧ್ಯಾಯ ತೆಗೀರಿ," ಅಂದಳು ಅತ್ತೆ.

"ಜನ ಮೆಚ್ಚಿರೋದೇ ಅದನ್ನ ಮೇಡಂ!"

"ಆ ಗುಮಾಸ್ತ ನೀವೇ ಕಣಪ್ಪ. ನಿಮ್ಮ ಮೇಲಿನ ಸಿಟ್ಟಿಗೆ ಬರೆದೆ. ಬರೆದದ್ದು ನನ್ನ ತಪ್ಪು, ಕಳಿಸಿದ್ದು ಇನ್ನೂ ದೊಡ್ಡ ತಪ್ಪು."

ಸಂಪಾದಕರ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಕನ್ನಡಕ ಅಲ್ಲೇ ಇತ್ತು. ಮುಖ ಕೆಂಪಾಯಿತು. ಆದರೂ ಸಿಟ್ಟು ಮಾಡಿಕೊಳ್ಳಲಿಲ್ಲ ಅನ್ನುವುದನ್ನು ಹೇಳಲೇಬೇಕು. "ಎರಡನೇ ಮುದ್ರಣ ಆದ್ರೆ ತೆಗೀತೀನಿ," ಅಂದರು, ನಮ್ಮ ಯಾರ ಮುಖವನ್ನೂ ನೋಡದೆ.

ಎಂಟು ತಿಂಗಳಿಗೆ ಎರಡನೇ ಮುದ್ರಣ ಬಂತು. ಬಾಂಬೂ ಇಲ್ಲ, ಬೆಂಕಿಯೂ ಇಲ್ಲ. ಅದು ಮೊದಲಿನಷ್ಟು ಖರ್ಚಾಗಲಿಲ್ಲ. "ಕಾದಂಬರಿಯಲ್ಲಿ ಯುದ್ಧ ಎಲ್ಲೂ ಕಾಣಿಸುವುದಿಲ್ಲ" ಅಂತ ಒಬ್ಬ ವಿಮರ್ಶಕರು ಬರೆದರು. ಅತ್ತೆ ಆ ಪತ್ರಿಕೆಯನ್ನು ಕಪಾಟಿನ ತಳಕ್ಕೆ ಹಾಸಿದಳು.

ಗುಂಡಿಯಕ್ಕ ಈಗ ಪ್ರತಿ ಗುರುವಾರ ಬರುತ್ತಾಳೆ. ಕೈಯಲ್ಲಿ ಪುಸ್ತಕ, ಪುಟಪುಟಕ್ಕೂ ಮಡಚಿದ ಮೂಲೆ. ಗೋದಾಮಿನ ಮೇಸ್ತ್ರಿ ಪುಸ್ತಕದಲ್ಲಿರುವಷ್ಟು ಒಳ್ಳೆಯವನಾಗಿರಲಿಲ್ಲವಂತೆ. ಹೊಲಿಗೆ ಕೋಣೆಗೆ ಐದು ಕಿಟಕಿ ಇರಲಿಲ್ಲ, ನಾಲ್ಕೇ ಅಂತೆ. ಮೊನ್ನೆ ಅತ್ತೆಗೆ ತಡೆಯಲಾಗಲಿಲ್ಲ.

"ಹಾಗಾದ್ರೆ ನೀನೇ ಒಂದು ಬರಿ ತಾಯಿ! ನನ್ನ ಪ್ರಾಣ ಯಾಕೆ ತಿಂತೀಯ?"

"ಬರೆಯೋಕೆ ನಂಗೆಲ್ಲಿ ಬರತ್ತೆ? ನಾನು ಹೇಳ್ತೀನಿ, ನೀನು ಬರ್ಕೋ."

ಅತ್ತೆ ಏನೇನೋ ಗೊಣಗುತ್ತ ಹೊಸ ನೋಟುಪುಸ್ತಕ ತೆಗೆದಳು, ಪೆನ್ನಿನ ಮುಚ್ಚಳ ಬಿಚ್ಚಿದಳು. "ಸರಿ, ಹೇಳು. ಯಾವ ಗೋಡೆಗೆ ಆ ಐದನೇ ಕಿಟಕಿ ಇರಲಿಲ್ಲ?"