ಕೊನೆಯ ಸಲ ಒರೆಸಿದವಳು

ಎಡಗಾಲಿನ ಸಾಕ್ಸು ಹಿಮ್ಮಡಿಯಲ್ಲಿ ಸಿಕ್ಕಿಕೊಂಡಿತ್ತು. ಮಗಳು ಮೇಲಕ್ಕೆ ಎಳೆಯುತ್ತಲೇ ಇದ್ದಳು. ರಾತ್ರಿ ತೀರಿಕೊಂಡ ತಾಯಿಯ ಕಾಲು ಬೆಳಗಾಗುವ ಹೊತ್ತಿಗೇ ಸೆಟೆದುಕೊಂಡಿತ್ತು.

"ಬಿಡೇ, ಇನ್ನೆಲ್ಲಿ ಚಳಿ ಅವಳಿಗೆ," ಎಂದಳು ಚಿಕ್ಕಮ್ಮ.

"ಬರಿಗಾಲಲ್ಲಿ ಹೊಸ್ತಿಲು ದಾಟಿದವಳಲ್ಲ ಚಿಕ್ಕಮ್ಮ."

ಮಾತು ಸುಳ್ಳಲ್ಲ. ಇಪ್ಪತ್ತಾರು ವರ್ಷ ಆಕೆಯ ಕೆಲಸವೆಂದರೆ, ಬೇರೆ ಗ್ರಹಕ್ಕೆ ಹೋಗುವ ಯಂತ್ರಗಳನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸುವುದು. ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು, ಕೈಗೆ ಎರಡು ಜೊತೆ ಗ್ಲೌಸು. ಇಲ್ಲಿಯ ಒಂದು ಕ್ರಿಮಿ ಕೂಡ ಅಲ್ಲಿಗೆ ಹೋಗಬಾರದು. ಹೋದರೆ, ನಾಳೆ ಅಲ್ಲಿ ಜೀವ ಸಿಕ್ಕಿತೆಂದು ಕುಣಿದಾಡಿದ ಮೇಲೆ ಅದು ನಮ್ಮ ಮನೆಯದೇ ಎಂದು ಗೊತ್ತಾಗಿ ಮಾನ ಹೋದೀತು. ಬೀದಿಯವರಿಗೆ ಮಾತ್ರ ಇದು ತಮಾಷೆ. 'ಊರೆಲ್ಲ ಬಿಟ್ಟು ಆಕಾಶದ ಧೂಳು ಹೊಡೆಯೋಳು' ಎನ್ನುತ್ತಿದ್ದರು.

ಹೊರಗೆ ಬಾಡಿಗೆ ಕುರ್ಚಿಯಲ್ಲಿ ಕೂತ ಚಿಕ್ಕಪ್ಪ ಪೇಪರ್ ಓದುತ್ತಿದ್ದ. "ಅಕ್ಕ ಒರೆಸಿದ ಯಂತ್ರ ನೆಲ ಕೊರೆದಿದೆಯಂತೆ. ನೀರು ಸಿಕ್ಕಿದೆ. ನೀರಲ್ಲಿ ಏನೋ ಜೀವ ಇರಬಹುದು ಅಂತಿದ್ದಾರೆ."

"ನಮ್ಮ ನಲ್ಲೀಲಿ ಹುಳ ಬರೋಕೆ ಶುರುವಾಗಿ ಆರು ತಿಂಗಳಾಯ್ತು," ಎಂದ ಪಕ್ಕದ ಮನೆಯ ಟೈಲರ್. "ಯಾವನಾದ್ರೂ ಪೇಪರಲ್ಲಿ ಹಾಕಿದ್ನಾ?"

ಯಾರೋ ನಕ್ಕರು. ಸಾವಿನ ಮನೆಯೆಂಬುದು ನೆನಪಾಗಿ ನಗೆಯನ್ನು ಕೆಮ್ಮಿನಲ್ಲಿ ಮುಚ್ಚಿದರು. ಮಗಳು ಮೂರು ವಾರ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಎದ್ದವಳು, ಅಳುವುದಕ್ಕೂ ತ್ರಾಣವಿರಲಿಲ್ಲ. ಆದರೂ 'ಜೀವ' ಎಂಬ ಮಾತು ಕಿವಿಗೆ ಬಿದ್ದಾಗ ಅವಳು ಸಾಕ್ಸು ಬಿಟ್ಟು ತಾಯಿಯ ಕೈಯನ್ನು ನೋಡಿದಳು.

*

ನಾಲ್ಕು ವರ್ಷದ ಹಿಂದೆ ಒಂದು ಸಂಜೆ ತಾಯಿ ತಟ್ಟೆಯ ಮುಂದೆ ಕೂತು ಕೈ ಹಾಕಲಿಲ್ಲ.

"ಒಂದು ತಪ್ಪು ಮಾಡ್ಬಿಟ್ಟೆ ಕಣೇ. ಕೊನೇ ಸಲ ಒರೆಸಿ ಆಯ್ತು. ಎಲ್ಲರೂ ಹೊರಗೆ ಹೋದ್ರು. ನೋಡಿದೆ, ಯಂತ್ರ ಒಂದೇ ನಿಂತಿದೆ ಪಾಪ. ಎರಡು ವರ್ಷ ಒರೆಸಿದೀನಿ, ಒಂದು ದಿನಾನೂ ಮುಟ್ಟಿಲ್ಲ. ಗ್ಲೌಸ್ ತೆಗೆದು, ಬೆನ್ನು ತಟ್ಟಿ, ಹೋಗಿ ಬಾ ಅಂದೆ."

"ಬರಿಗೈಲಿ?"

"ಆಮೇಲೆ ಒರೆಸಿದೆ. ಮೂರು ಸಲ ಒರೆಸ್ಬೇಕು. ಒಂದು ಸಲ ಆಗೋಷ್ಟರಲ್ಲಿ ಗಂಟೆ ಹೊಡೀತು, ಬಾಗಿಲು ಹಾಕಿಬಿಟ್ರು."

ಮಗಳು ಯಾರಿಗೂ ಹೇಳಬೇಡ ಎಂದಳು. ತಾಯಿ ಹೇಳಲಿಲ್ಲ. ಆದರೆ ಯಂತ್ರ ಆ ಗ್ರಹದ ಮೇಲೆ ಇಳಿದ ದಿನದಿಂದ ಆಕೆಗೆ ನಿದ್ದೆಯಿರಲಿಲ್ಲ. ಟೀವಿಯಲ್ಲಿ ಸುದ್ದಿ ಬಂದಾಗಲೆಲ್ಲ, "ನನ್ನಿಂದ ಕೆಟ್ಟಿತೋ ಏನೋ," ಎಂದು ಅಂಗೈ ತಿಕ್ಕಿಕೊಳ್ಳುತ್ತಿದ್ದಳು.

*

ಹನ್ನೊಂದರ ಹೊತ್ತಿಗೆ ತಾಯಿಯ ಸೂಪರ್‌ವೈಸರ್ ಬಂದರು. ಹಾರ ತಂದಿರಲಿಲ್ಲ. ಎಲ್ಲರನ್ನೂ ಸ್ವಲ್ಪ ಹೊರಗಿರಲು ಹೇಳಿ, ಜೇಬಿನಿಂದ ಒಂದು ಗಾಜಿನ ಕೊಳವೆ ತೆಗೆದರು. ಒಳಗೆ ತುದಿಗೆ ಹತ್ತಿ ಸುತ್ತಿದ ಕಡ್ಡಿ.

"ಉಗುರಿನ ಸಂದಿಯಿಂದ ಸ್ವಲ್ಪ ಬೇಕಮ್ಮಾ," ಎಂದರು. "ಅಲ್ಲಿ ಸಿಕ್ಕಿದ್ದಕ್ಕೆ ಹೋಲಿಸಿ ನೋಡೋಕೆ. ಒರೆಸಿದ ಮಿಕ್ಕವರು ಬದುಕಿದ್ದಾರೆ, ಯಾವಾಗ ಬೇಕಾದ್ರೂ ಸಿಗ್ತಾರೆ. ಇವರು ಇನ್ನೊಂದು ಗಂಟೆ ಅಷ್ಟೇ."

"ನಮ್ಮಮ್ಮಂದೇ ಯಾಕೆ ಸಾರ್?"

ಅವರು ಗೋಡೆಗೆ ಒರಗಿದರು. "ನಾನು ನೋಡಿದ್ದೆ. ಕ್ಯಾಮೆರಾದಲ್ಲಿ. ಹೇಳಿದ್ರೆ ಇಡೀ ಯಂತ್ರ ಬಿಚ್ಚಿ ಇನ್ನೊಂದು ವರ್ಷ ಒರೆಸ್ಬೇಕಿತ್ತು. ಎಲ್ಲರೂ ಸುಸ್ತಾಗಿದ್ವಿ. ನೋಡಿಯೂ ನೋಡದ ಹಾಗೆ ಇದ್ದುಬಿಟ್ಟೆ. ಈಗ ಆಫೀಸು ಕಳಿಸಿಲ್ಲ, ನಾನೇ ಬಂದಿದೀನಿ. ಬೇಡ ಅಂದ್ರೆ ಹೀಗೇ ಹೋಗ್ತೀನಿ."

ಬೇಡವೆಂದರೆ ಮುಗಿಯಿತು. ಅಮ್ಮನ ಹೆಸರು ಕೆಡುವುದಿಲ್ಲ. ಈ ಮನುಷ್ಯನದೂ ಕೆಡುವುದಿಲ್ಲ, ಪೇಪರಿನವರ ಸಂಭ್ರಮವೂ ಹಾಗೇ ಇರುತ್ತದೆ. ಹೂಂ ಎಂದು, ಅಲ್ಲಿ ಸಿಕ್ಕಿದ್ದು ಅಮ್ಮನ ಕೈಯದೇ ಎಂದಾದರೆ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನೂರಾರು ಜನರ ದುಡಿಮೆ ಹಾಳು ಮಾಡಿದವಳೆಂದು ಲೋಕಕ್ಕೆಲ್ಲ ಗೊತ್ತಾಗುತ್ತದೆ. ಮಗಳಿಗೆ ತಾಯಿಯ ಮೇಲೆ ಸಿಟ್ಟು ಬಂತು. ಬೆನ್ನು ತಟ್ಟಲೇಬೇಕಿತ್ತೇ?

"ಅವಳದಲ್ಲ ಅಂತಾದ್ರೆ?"

"ಅಲ್ಲಿ ನಿಜವಾಗ್ಲೂ ಯಾರೋ ಇದ್ದಾರೆ ಅನ್ನೋಕೆ ಒಂದು ಅನುಮಾನ ಕಮ್ಮಿ ಆಗುತ್ತೆ." ಅವರ ಕಣ್ಣು ತುಂಬಿತು. "ಅಲ್ಲ ಅಂತಾಗ್ಲಿ ಅಂತಲೇ ದಾರಿಯುದ್ದ ಬೇಡ್ಕೊಂಡು ಬಂದೆ."

ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. "ಹೊತ್ತಾಯ್ತು ಕಣೇ," ಎಂದು ಚಿಕ್ಕಮ್ಮ ಬಾಗಿಲು ತಟ್ಟಿದಳು.

"ತಗೊಳ್ಳಿ ಸಾರ್," ಎಂದಳು ಮಗಳು. "ನಾಲ್ಕು ವರ್ಷ ಇದೇ ಚಿಂತೇಲಿ ಸವೆದಳು. ಹೌದೋ ಅಲ್ಲವೋ, ಅವಳ ಪಾಲಿಗೆ ತೀರಿಹೋಗ್ಲಿ."

ಅವರು ಕೊಳವೆಯ ಮುಚ್ಚಳ ತೆಗೆದರು. ಮಗಳು ಅವರು ಕೊಟ್ಟ ಗ್ಲೌಸು ಹಾಕಿಕೊಂಡು ಕಡ್ಡಿಯನ್ನು ತಾನೇ ತೆಗೆದುಕೊಂಡಳು. ತಾಯಿಯ ಬಿಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಉಗುರಿನ ಅಡಿ, ಅಂಚು, ಸಂದಿ, ಒಂದನ್ನೂ ಬಿಡದೆ ಒತ್ತಿ ಉಜ್ಜಿದಳು. ಎರಡನೇ ಸಲ ಹಾರ್ನ್ ಆಯಿತು. ಅವಳು ಅವಸರ ಮಾಡಲಿಲ್ಲ. ಹತ್ತನೆಯ ಬೆರಳು ಮುಗಿದ ಮೇಲೆ ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕ್ರಿಮಿ ಕಣ್ಣಿಗೆ ಕಾಣದೆಂದು ಗೊತ್ತಿದ್ದರೂ ಇಬ್ಬರೂ ಬಗ್ಗಿ ನೋಡಿದರು.

ಹತ್ತಿ ಇನ್ನೂ ಬೆಳ್ಳಗೇ ಇತ್ತು.