ಹುಲ್ಲುದಲೆ

ಗುಡ್ಡದ ನೆತ್ತಿಯ ಹವಾಮಾನ ಠಾಣೆಯಿಂದ ಕಾವಲುಗಾರ ಊಟದ ಡಬ್ಬಿ ಹಿಡಿದು ಬಂದ. ಡಬ್ಬಿಯಲ್ಲಿ ಊಟವಿರಲಿಲ್ಲ. ಠಾಣೆಯ ಕಿಟಕಿಗಾಜಿಗೆ ಬಡಿದು ಸತ್ತ ಹಕ್ಕಿಯೊಂದು ಮಂಜುಗಡ್ಡೆಯ ನಡುವೆ ಮಲಗಿತ್ತು. ಸಂಗ್ರಹಾಲಯದ ಚಿತ್ರಗಾರ್ತಿ ಅದನ್ನೆತ್ತಿ ಬಿಳಿ ಕಾಗದದ ಮೇಲಿಟ್ಟಳು. ಮೈ ನೀಲಿ, ಕಣ್ಣಿನ ಸುತ್ತ ಕಪ್ಪು, ಕತ್ತಿನವರೆಗೆ ತಲೆ ಮಾತ್ರ ನಿಗಿನಿಗಿ ಕೆಂಡ.

ಮೇಲಧಿಕಾರಿಗಳು ಕನ್ನಡಕ ಏರಿಸಿ ನೋಡಿದವರೇ ಇದು ಹೊಸ ಜಾತಿ ಎಂದುಬಿಟ್ಟರು. ಹಕ್ಕಿಗೆ ತಮ್ಮ ಹೆಸರು ಹೊಂದುತ್ತದೆಯೇ ಎಂದು ಎರಡು ಸಲ ಬಾಯಲ್ಲೇ ಹೇಳಿಕೊಂಡೂ ನೋಡಿದರು.

ಚಿತ್ರಗಾರ್ತಿ ಹುಲ್ಲುದಲೆ ಎಂಬ ಹಕ್ಕಿಗಳ ಡ್ರಾಯರ್ ಎಳೆದಳು. ಹತ್ತಿ ತುಂಬಿದ ಏಳು ಹಕ್ಕಿಗಳು ಕಾಲಿಗೆ ಚೀಟಿ ಕಟ್ಟಿಸಿಕೊಂಡು ಅಂಗಾತ ಮಲಗಿದ್ದವು. ಅವುಗಳ ತಲೆ ಒಣಹುಲ್ಲಿನ ಬಣ್ಣ. ನಲವತ್ತು ವರ್ಷದಿಂದ ಹುಲ್ಲುದಲೆಯನ್ನು ಕಂಡೆನೆಂದವರಿಲ್ಲ. ಗುಡ್ಡದ ಮೇಲೆ ಮೋಡ ಕವಿದ ಕಾಡಿನಿಂದ ಅಳಿದೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದರು. ಗುಡ್ಡ ಹತ್ತುವವರೆಲ್ಲ ಹೆಗಲಚೀಲದಲ್ಲಿ ಒಯ್ಯುವ ಹಕ್ಕಿಪುಸ್ತಕದಲ್ಲಿ ಅದರ ಚಿತ್ರವಿದೆ. ಈ ಏಳನ್ನೇ ಮುಂದಿಟ್ಟುಕೊಂಡು ಅದನ್ನು ಬರೆದವರು ಅವಳ ಅಪ್ಪ. ಕಾಲು ಸರಿಯಿಲ್ಲದ ಅವರು ಗುಡ್ಡ ಹತ್ತಿದವರೇ ಅಲ್ಲ. ಈಗ ಕಣ್ಣೂ ಮಂಜಾಗಿದೆ. ಮನೆಗೆ ಯಾರೇ ಬರಲಿ, ಆ ಪುಟ ತೆಗೆಸಿ, ಹಕ್ಕಿ ಇರುವ ಜಾಗವನ್ನು ಬೆರಳಲ್ಲಿ ಸವರಿ ತೋರಿಸುತ್ತಾರೆ.

ಪುಸ್ತಕದ ಹೊಸ ಮುದ್ರಣಕ್ಕೆ ಆ ಚಿತ್ರ ಮರುದಿನವೇ ಅಚ್ಚಿನ ಮನೆಗೆ ಹೋಗಬೇಕಿತ್ತು.

ಅವಳು ಹೊಸ ಹಕ್ಕಿಯನ್ನು ಹಳೆಯವುಗಳ ಪಕ್ಕಕ್ಕಿಟ್ಟು ಅಳೆದಳು. ಕೊಕ್ಕು ಅಷ್ಟೇ ಉದ್ದ, ರೆಕ್ಕೆ ಅಷ್ಟೇ, ನೀಲಿಯೂ ಅದೇ. ನೀಲಿ ಗರಿಯಲ್ಲಿ ನೀಲಿ ಬಣ್ಣವೆಂಬುದೇ ಇಲ್ಲ. ಗರಿಯ ಹೆಣಿಗೆ ಬೆಳಕನ್ನು ಹಾಗೆ ಮರಳಿಸುತ್ತದೆ, ಅದಕ್ಕೇ ಮಾಸುವುದಿಲ್ಲ. ತಲೆಯದು ತಿಂದ ಹಣ್ಣಿನಿಂದ ಬಂದ ಬಣ್ಣ. ಬಿಸಿಲು ಅದನ್ನು ನೆಕ್ಕಿಬಿಡುತ್ತದೆ. ಡ್ರಾಯರ್‌ಗೆ ಬರುವ ಮುಂಚೆ ಈ ಏಳೂ ಪಡುವಣ ಕಿಟಕಿಯ ಗಾಜಿನ ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದವು.

ತೊಗಲು ಒಣಗುವವರೆಗೆ ಗರಿ ಕೆದರದಿರಲೆಂದು ಕಾಗದದ ಪಟ್ಟಿ ಸುತ್ತುವುದು ಈ ಕಸುಬಿನ ರೂಢಿ. ಯಾವನೋ ಸೋಮಾರಿ ಏಳನೆಯದರ ಕತ್ತಿನ ಪಟ್ಟಿಯನ್ನು ಬಿಚ್ಚಿಯೇ ಇರಲಿಲ್ಲ. ಅವಳು ಚಿಮುಟದಲ್ಲಿ ಅದನ್ನು ಸರಿಸಿದಳು. ಅಡಿಯಲ್ಲಿ ಬೆರಳಗಲ ಕೆಂಡದ ಬಣ್ಣ ಹಾಗೇ ಕುಳಿತಿತ್ತು.

ಮೇಲಧಿಕಾರಿಗಳು ನಿಟ್ಟುಸಿರು ಬಿಟ್ಟು ಕನ್ನಡಕ ಇಳಿಸಿದರು.

ಇಂಥದ್ದನ್ನು ಮೊದಲೂ ಕಂಡಿದ್ದೀಯಾ ಎಂದು ಅವಳು ಕಾವಲುಗಾರನನ್ನು ಕೇಳಿದಳು.

"ಇದನ್ನಾ? ಹಣ್ಣು ಬಿಟ್ಟಾಗ ಮರದ ತುಂಬ ಇದೇ ಅಕ್ಕಾ. ಹಾಡಿ ಹಾಡಿ ನಿದ್ದೆಗೆಡಿಸ್ತವೆ. ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ. ನಿಮ್ಮ ಹುಲ್ಲುದಲೆಯನ್ನಂತೂ ಹನ್ನೊಂದು ವರ್ಷದಿಂದ ಹುಡುಕ್ತಾನೇ ಇದ್ದೀನಿ."

ಮೂಲಚಿತ್ರ ಅವಳ ಮೇಜಿನ ಮೇಲೇ ಇತ್ತು. ಸದ್ದಿಲ್ಲದೆ ತಲೆ ತಿದ್ದಿ ಕಳಿಸಿದರೆ ಅಪ್ಪನಿಗೆ ಗೊತ್ತಾಗುವ ಬಗೆಯೇ ಇರಲಿಲ್ಲ. ತಿದ್ದದಿದ್ದರೆ ಬದುಕಿರುವ ಹಕ್ಕಿ ಪುಸ್ತಕದಲ್ಲಿ ಸತ್ತೇ ಇರುತ್ತಿತ್ತು. ಸಂಜೆ ಅವಳು ಚಿತ್ರವನ್ನೂ ಬಣ್ಣಗಳನ್ನೂ ಹಕ್ಕಿಯಿದ್ದ ಡಬ್ಬಿಯನ್ನೂ ಮನೆಗೊಯ್ದು, ಅಪ್ಪನ ಎದುರು ಕುಳಿತು, ಕಿಟಕಿಯಿಂದ ಹಿಡಿದು ಕಾಗದದ ಪಟ್ಟಿಯವರೆಗೆ ಎಲ್ಲವನ್ನೂ ಹೇಳಿದಳು.

"ನಾನು ಇದ್ದದ್ದನ್ನೇ ಬರೆದೆ," ಎಂದರು ಅಪ್ಪ.

"ಹೌದಪ್ಪ. ಇದ್ದದ್ದನ್ನೇ."

"ನೀಲಿ?"

"ನೀಲಿ ಕೂದಲೆಳೆಯಷ್ಟೂ ತಪ್ಪಿಲ್ಲ."

ಅವರ ಬೆರಳು ಚಿತ್ರದ ಅಂಚಿಗೆ ಹೋಗಿ ನಿಂತಿತು. ಕೆರೆದು ತೆಗೆಯುತ್ತೀಯಾ ಎಂದು ಕೇಳಿದರು. ಹಾಗೆಂದುಕೊಂಡಿದ್ದೇನೆ ಎಂದಳು.

"ಕೆರೀಬೇಡ, ಕಾಗದ ಎದ್ದುಬರುತ್ತೆ. ನನ್ನ ಹಳದಿ ಹಾಗೇ ಇರ್ಲಿ. ಅದರ ಮೇಲೇ ಕೆಂಪು ತೆಳ್ಳಗೆ ಎಳಿ. ಅಡಿಯಲ್ಲಿ ಹಳದಿ ಇಲ್ದೆ ಕೆಂಡ ಹೊಳೆಯಲ್ಲ."

ಅವಳು ಕುಂಚ ಅದ್ದಿದಳು. ಪ್ರತಿ ಪದರಕ್ಕೂ ಅಪ್ಪ ಒಣಗಿತಾ ಎಂದು ಕೇಳಿದರು. ಅವಳು ಒಣಗಿತು ಎಂದ ಮೇಲೆಯೇ ಮುಂದಿನದಕ್ಕೆ ಒಪ್ಪಿದರು. ಮೂರನೆಯ ಸಲ ಎಳೆದಾಗ ತಲೆಗೆ ಬೆಂಕಿ ಹತ್ತಿತು. ಅವಳು ಹಾಗೆಂದೇ ಹೇಳಿದಳು.

"ಸಾಕು," ಎಂದರು ಅಪ್ಪ. "ಕೈ ತೆಗಿ."